ಮುನ್ನೂರು ಯೂರೋ ಮತ್ತು ಮಂಗಾ: ನಮ್ಮ ಮನೆಯ ಗುಂಪಿನ ಚರ್ಚೆ

ದೊಡ್ಡಪ್ಪ: ಮೇಲೆ ಹಾಕಿರುವ ಸುದ್ದಿಯನ್ನು ಎಲ್ಲರೂ ಓದಬೇಕೆಂದು ಕೋರುತ್ತೇನೆ. ಫ್ರಾನ್ಸ್ ಸರ್ಕಾರವು 2021ರಲ್ಲಿ ಹದಿನೆಂಟು ತುಂಬಿದವರಿಗೆ ಪುಸ್ತಕ, ನಾಟಕ, ಸಂಗೀತಕ್ಕೆಂದು ತಲಾ 300 ಯೂರೋ ಕೊಟ್ಟರೆ, ಆ ಮಕ್ಕಳು ಮಂಗಾ ಎಂಬ ಜಪಾನಿನ ಚಿತ್ರಕಥೆ ಪುಸ್ತಕಗಳನ್ನು ಕಟ್ಟುಗಟ್ಟಲೆ ಹೊತ್ತು ತಂದರು. ಜನ ಆ ಯೋಜನೆಯನ್ನು ‘ಮಂಗಾ ಪಾಸ್’ ಎಂದೇ ಕರೆದರಂತೆ. ವಿಕ್ಟರ್ ಹ್ಯೂಗೋ ಹುಟ್ಟಿದ ನಾಡಿಗೇ ಈ ಗತಿಯಾದರೆ, ದಿನವಿಡೀ ಅನಿಮೆ ಎಂಬ ಜಪಾನಿ ಕಾರ್ಟೂನು ನೋಡುವ ನಮ್ಮ ಮಕ್ಕಳಿಗೆ ಏನು ಹೇಳೋಣ?

ನಾನು: ದೊಡ್ಡಪ್ಪ, ಸುದ್ದಿ ಬರೆದವರು ಇದನ್ನು ನಿನ್ನೆ ಮೊನ್ನೆಯ ಹುಚ್ಚು ಎಂಬಂತೆ ತೋರಿಸಿರುವುದು ಸರಿಯಲ್ಲ. 1978ರ ಜುಲೈಯಲ್ಲಿ, ಜಪಾನಿನ ಮಂಗಾ ಕಲಾವಿದ ಗೋ ನಾಗಾಯ್ ಸೃಷ್ಟಿಸಿದ ದೈತ್ಯ ರೋಬೋ ‘ಗೋಲ್ಡೊರಾಕ್’ ಎಂಬ ಹೆಸರು ಹೊತ್ತು ಫ್ರಾನ್ಸಿನ ಟಿವಿಗೆ ಬಂತು. ತಂದವರು ಮಾತನ್ನು ಫ್ರೆಂಚಿಗೆ ತಿರುಗಿಸಿ, ಪಾತ್ರಗಳಿಗೆ ಆಕ್ಟಾರಸ್, ಆಲ್ಕೋರ್, ಪ್ರೋಸಿಯಾನ್ ಎಂದು ನಕ್ಷತ್ರಗಳನ್ನು ನೆನಪಿಸುವ ಹೊಸ ಹೆಸರುಗಳನ್ನಿಟ್ಟರು. ಆ ಬೇಸಿಗೆ ರಜೆಯಲ್ಲಿ ಅದನ್ನು ನೋಡಿದ ಮಕ್ಕಳಿಗೆ ಈಗ ಐವತ್ತು ದಾಟಿದೆ. 300 ಯೂರೋ ಹಿಡಿದು ಅಂಗಡಿಗೆ ಹೋದವರು ಅವರ ಮಕ್ಕಳ ವಯಸ್ಸಿನವರು.

ಅತ್ತೆ: ಹಾಗಾದರೆ ಅಲ್ಲಿಯೇ ವಿರೋಧ ಏಕೆ ಬಂತು? 1989ರಲ್ಲಿ ಸೆಗೊಲೆನ್ ರೊಯಾಲ್ ಎಂಬ ಸಂಸದೆ ಈ ಕಾರ್ಟೂನುಗಳ ಹಿಂಸೆಯನ್ನು ಖಂಡಿಸಿ ಪುಸ್ತಕವನ್ನೇ ಬರೆದಿದ್ದರು.

ನಾನು: ಅತ್ತೆ, ಆ ಆಕ್ಷೇಪದಲ್ಲಿ ನಿಜವಿತ್ತು. ಜಪಾನಿನಲ್ಲಿ ಹುಡುಗರಿಗೆ, ಹುಡುಗಿಯರಿಗೆ, ದೊಡ್ಡವರಿಗೆ ಬೇರೆ ಬೇರೆ ಮಂಗಾ ಪತ್ರಿಕೆಗಳಿವೆ. ಕಾರ್ಟೂನೆಂದರೆ ಮಕ್ಕಳದ್ದೇ ಎಂದು ನಂಬಿ, ರಕ್ತ ಹರಿಯುವ ‘ಹೊಕುತೊ ನೊ ಕೆನ್’ ಅನ್ನೂ ಮಕ್ಕಳ ಕಾರ್ಯಕ್ರಮದಲ್ಲಿ ಹಾಕಿದ್ದು ಫ್ರೆಂಚ್ ವಾಹಿನಿಯ ತಪ್ಪು. ವಯಸ್ಸು ನೋಡಿ ಆರಿಸಿಕೊಡುವ ಕೆಲಸ ನಮ್ಮ ಮನೆಯಲ್ಲೂ ಹಿರಿಯರದೇ.

ದೊಡ್ಡಪ್ಪ: ವಯಸ್ಸಿನ ಮಾತನ್ನು ಒಪ್ಪುತ್ತೇನೆ. ನನ್ನ ನೋವು ಭಾಷೆಯದು. ಮೊಮ್ಮಗ ತಟ್ಟೆಯ ಮುಂದೆ ಕೈಮುಗಿದು, ಜಪಾನಿಯರು ಊಟಕ್ಕೆ ಮುನ್ನ ಹೇಳುವ ‘ಇತದಾಕಿಮಾಸು’ ಎನ್ನುತ್ತಾನೆ. ಕನ್ನಡದ ಕಾಗುಣಿತ ಇನ್ನೂ ತಪ್ಪುತ್ತದೆ.

ನಾನು: ಅದಕ್ಕಾಗಿಯೇ ಫ್ರಾನ್ಸಿನ ಉದಾಹರಣೆಯನ್ನು ನಾನು ಬಿಡುತ್ತಿಲ್ಲ. ಅಲ್ಲಿನ ಹುಡುಗ ಕೊಂಡ ಕಥೆ ಜಪಾನಿನದಾದರೂ ಅವನು ಓದಿದ್ದು ಫ್ರೆಂಚ್. ಜಪಾನಿ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಮಾತಿನ ಗುಳ್ಳೆಗಳು ಉದ್ದವಾಗಿ, ಕಿರಿದಾಗಿ ಇರುತ್ತವೆ. ಅಡ್ಡ ಬರೆಯುವ ಭಾಷೆಯ ಅನುವಾದಕರು ಅದರೊಳಗೆ ಒಂದು ವಾಕ್ಯ ಹಿಡಿಸಲು ಪದಗಳನ್ನೇ ಮುರಿಯಬೇಕಾಗುತ್ತದೆ. ಮೊದಮೊದಲು ಪುಟಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು, ಆಗ ಬಲಗೈಯವರೆಲ್ಲ ಎಡಚರಾಗುತ್ತಿದ್ದರು. ಈಗ ಬಹುಪಾಲು ಪುಸ್ತಕಗಳನ್ನು ಜಪಾನಿನಂತೆಯೇ ಬಲದಿಂದ ಎಡಕ್ಕೇ ಓದುತ್ತಾರೆ. ಇಷ್ಟು ಪಾಡುಪಟ್ಟು ತಮ್ಮ ಭಾಷೆಗೆ ತಂದುಕೊಂಡದ್ದರಿಂದಲೇ ಅದು ಅಲ್ಲಿ ನೆಲೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಎಂಬ ಅನಿಮೆ ಚಿತ್ರ ನಮ್ಮ ದೇಶದಲ್ಲಿ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಿಡುಗಡೆಯಾಯಿತು. ಕನ್ನಡದಲ್ಲಿ ಆಗಲಿಲ್ಲ. ಅವನು ಕನ್ನಡದಲ್ಲಿ ನೋಡಲಿ ಎಂದರೆ ಎಲ್ಲಿ ನೋಡಬೇಕು, ದೊಡ್ಡಪ್ಪ?

ದೊಡ್ಡಪ್ಪ: ಸುದ್ದಿಯ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಮೊಮ್ಮಗನ ಕಪಾಟಿನಿಂದ ಒಂದು ಇಂಗ್ಲಿಷ್ ಮಂಗಾ ಸಂಪುಟವನ್ನು ತೆಗೆದುಕೊಂಡು ಕನ್ನಡಕ್ಕೆ ತಿರುಗಿಸಲು ಕೂತಿದ್ದೇನೆ. ಕಡೆಯ ಪುಟದಿಂದ ತೆರೆದಿದ್ದೆ, ಅವನೇ ತಿದ್ದಿದ. ಮೊದಲ ಗುಳ್ಳೆಯಲ್ಲಿ ‘ಹೋಗಬೇಕಾಗಿತ್ತಲ್ಲವೇ’ ಎಂಬ ಪದ ಹಿಡಿಸುತ್ತಿಲ್ಲ. ‘ಹೋಗಬೇಕಿತ್ತು’ ಎಂದರೆ ಸಾಕು ಎನ್ನುತ್ತಿದ್ದಾನೆ.