ಮಾಡಿದವರೇ ನೋಡಿದರೆ ಸಾಲದಾ? ಮಂಡಕಳ್ಳಿಯಲ್ಲಿ ನಿಂತ ವಿಮಾನ

ಕುವೆಂಪುನಗರ ಪಯಣಿಗ: ನಿನ್ನೆ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನಲ್ಲಿ ಎರಡು ಗಂಟೆ ಕಾಯಿಸಿದರು. ವಿಮಾನ ಕಣ್ಣೆದುರೇ ನಿಂತಿದೆ. ರಿಪೇರಿ ಮುಗೀತು ಅಂತ ಹೇಳಿದ್ದೂ ಆಯ್ತು. ಆಮೇಲೆ "ಇನ್ನೊಬ್ಬ ಇಂಜಿನಿಯರ್ ನೋಡಿ ಸಹಿ ಹಾಕಬೇಕು" ಅಂತ ಮತ್ತೆ ಕೂರಿಸಿದರು. ಕೆಲಸ ಮಾಡಿದವರಿಗೆ ಲೈಸೆನ್ಸ್ ಇದೆ ಅಲ್ವಾ? ಅದರ ಮೇಲೆ ಮತ್ತೊಬ್ಬರು ಯಾಕೆ? ಕೌಂಟರಿನ ಹುಡುಗಿ ಹತ್ತಿರ ಚೆನ್ನಾಗಿ ಕೂಗಾಡಿ ಬಂದೆ.

ಸರಸ್ವತಿಪುರಂ ಟೀಚರ್: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಪಾಪ, ಆ ಹುಡುಗಿ ಏನು ಮಾಡಿದ್ದಳು?

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ: ನಾನು ಪಯಣಿಗರ ಕಡೆ. ಇಪ್ಪತ್ತು ವರ್ಷದಿಂದ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡ್ತಿದ್ದೀನಿ. ಕಬ್ಬಿನ ಸೀಸನ್ನಿನಲ್ಲಿ ರಾತ್ರಿಯೆಲ್ಲ ಕೆಲಸ. ಕೆಲಸ ಗೊತ್ತಿರೋನಿಗೆ ಮೇಲೊಬ್ಬ ಬೇಕಿಲ್ಲ. ಗೊತ್ತಿಲ್ಲದವನದ್ದನ್ನ ಹತ್ತು ಜನ ನೋಡಿದರೂ ಅಷ್ಟೇ.

ಹ್ಯಾಂಗರ್ ತಾತ: ಮೂವತ್ತು ವರ್ಷ ವಿಮಾನ ರಿಪೇರಿ ಮಾಡೋ ಹ್ಯಾಂಗರಿನಲ್ಲಿದ್ದು ಈಗ ಬೋಗಾದಿಯಲ್ಲಿ ಗಿಡಕ್ಕೆ ನೀರು ಹಾಕ್ಕೊಂಡು ಇರೋನು ನಾನು. ಗ್ಯಾರೇಜಣ್ಣ, ಕೆಲಸ ಗೊತ್ತಿರೋರೇ ತಪ್ಪು ಮಾಡೋದು. ಗೊತ್ತಿಲ್ಲದವನು ಹೆದರಿ ಪುಸ್ತಕ ತೆಗೀತಾನೆ.

1990ರ ಜೂನ್ 10. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 17,300 ಅಡಿ ಎತ್ತರಕ್ಕೆ ಹೋದಾಗ ಕ್ಯಾಪ್ಟನ್ ಎದುರಿನ ಗಾಜೇ ಕಿತ್ತು ಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹ ಪೈಲಟ್ ಸೌತ್ಯಾಂಪ್ಟನ್ನಿನಲ್ಲಿ ಇಳಿಸಿದರು. ಮನುಷ್ಯ ಬದುಕಿದ, ಅದೇ ಆಶ್ಚರ್ಯ. ಆ ಗಾಜು ಹಾಕಿ ಎರಡು ದಿನವೂ ಆಗಿರಲಿಲ್ಲ. ಹಾಕಿದ್ದು ಕಲಿಯೋ ಹುಡುಗನಲ್ಲ, ಆ ಶಿಫ್ಟಿನ ಮ್ಯಾನೇಜರ್. ರಾತ್ರಿ ಹೊತ್ತು, ಜನ ಕಡಿಮೆ, ತಾವೇ ಕೂತರು. ಬಿಚ್ಚಿದ ಹಳೇ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ ಡಬ್ಬಿಯಿಂದ ಅದಕ್ಕೆ ಹೊಂದೋ ಹೊಸದನ್ನು ಆರಿಸಿದರು. ಸ್ಟೋರಿನವರು ಸರಿಯಾದ ನಂಬರ್ ಹೇಳಿದ್ದರು, ಕೇಳಲಿಲ್ಲ. 90 ಬೋಲ್ಟಿನಲ್ಲಿ 84 ಸಣ್ಣ, ವ್ಯಾಸದಲ್ಲಿ 0.026 ಇಂಚು ಕಡಿಮೆ. ಉಳಿದ ಆರು ಗಿಡ್ಡ. ಆ ಗಾಜು ಹೊರಗಿನಿಂದ ಕೂರಿಸೋದು, ಒಳಗಿನ ಗಾಳಿಯ ಒತ್ತಡವನ್ನೆಲ್ಲ ಬೋಲ್ಟುಗಳೇ ತಡೀಬೇಕು. ಗಾಜು ಹಾಕೋ ಕೆಲಸಕ್ಕೆ ಎರಡನೆಯವರ ತಪಾಸಣೆ ಬೇಕು ಅಂತ ಆಗ ನಿಯಮವೇ ಇರಲಿಲ್ಲ. ಮಾಡಿದ್ದೂ ಅವರೇ, ಸಹಿಯೂ ಅವರದೇ.

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ: ತಾತ, ಹಳೇದನ್ನ ನೋಡಿ ಹೊಸದು ಆರಿಸೋದು ನಾವೂ ದಿನಾ ಮಾಡೋದೇ, ಸುಳ್ಳು ಯಾಕೆ ಹೇಳಲಿ. ಆದರೆ ಬಿಗಿದ ಮೇಲೆ ಬೋಲ್ಟಿನ ತಲೆ ಮಾತ್ರ ಕಾಣೋದು. ಇನ್ನೊಬ್ಬ ಬಂದಿದ್ದರೂ ಅವನಿಗೆ ಏನು ಸಿಗ್ತಿತ್ತು?

ಹ್ಯಾಂಗರ್ ತಾತ: ತಲೆಯಲ್ಲೇ ಸಿಗ್ತಿತ್ತು. ಸಣ್ಣ ಬೋಲ್ಟಿನ ತಲೆಯೂ ಸಣ್ಣದು, ಗುಳಿಯಲ್ಲಿ ಜಾಸ್ತಿ ಕೆಳಗೆ ಕೂತಿತ್ತು. ಅವರು ಪಕ್ಕದಿಂದ ಬಗ್ಗಿ, ಕೈ ಚಾಚಿ ಬಿಗಿಯುತ್ತಿದ್ದರು. ಕೈಯೇ ಅಡ್ಡ. ಎದುರಿಗೆ ನಿಂತವರಿಗೆ ಕಾಣೋ ಸಾಧ್ಯತೆ ಇತ್ತು.

ಎಎಂಇ (ವಿಮಾನ ನಿರ್ವಹಣೆಯ ಇಂಜಿನಿಯರಿಂಗ್) ಓದ್ತಿರೋಳು: ಎರಡು ಸಹಿ ಇದ್ದ ಮಾತ್ರಕ್ಕೆ ಬಚಾವ್ ಅಂತ ಅಲ್ಲ ತಾತ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್ 1900 ವಿಮಾನ ಬಿದ್ದು 21 ಜನ ಸತ್ತರು. ವಿಮಾನದ ಮೂತಿ ಮೇಲೆ ಕೆಳಗೆ ಮಾಡೋ ಎಲಿವೇಟರಿನ ಕೇಬಲ್ ಎಳೆತ ಸರಿಮಾಡಿದ್ದರು, ಅದು ತಪ್ಪಿತ್ತು. ಮೂತಿ ಪೂರ್ತಿ ಕೆಳಗೆ ಮಾಡೋಕೆ ಆಗಲಿಲ್ಲ. ಹಿಂದೆ ಭಾರ ಜಾಸ್ತಿ ಇದ್ದದ್ದೂ ಸೇರಿತು. ಕೇಬಲ್ ಕೆಲಸ ಮಾಡಿದವರು ಅದನ್ನ ಮೊದಲ ಸಲ ಕಲೀತಿದ್ದರು. ಕಲಿಸಿದವರೇ ತಪಾಸಣೆ ಮಾಡಬೇಕಾದವರು! ಕೆಲವು ಹಂತ ಬಿಡಬಹುದು ಅಂತ ಒಪ್ಪಿದವರೂ ಅವರೇ. ಆ ಬಿಟ್ಟ ಹಂತಗಳಲ್ಲೇ ತಪ್ಪು ಗೊತ್ತಾಗ್ತಿತ್ತು.

ಕುವೆಂಪುನಗರ ಪಯಣಿಗ: ನೋಡಿದ್ರಾ, ನಾನು ಹೇಳಿದ್ದೂ ಇದೇ. ಎರಡನೇ ಸಹಿ ಸುಮ್ನೆ ಶಾಸ್ತ್ರಕ್ಕೆ.

ಸರಸ್ವತಿಪುರಂ ಟೀಚರ್: ಶಾಸ್ತ್ರ ಆಗೋದು ಹೇಗೆ ಅಂತ ನಾನು ಹೇಳ್ತೀನಿ. ಉತ್ತರಪತ್ರಿಕೆ ತಿದ್ದಿದ ಮೇಲೆ ಇನ್ನೊಬ್ಬರು ಅಂಕ ಮತ್ತೆ ಕೂಡಬೇಕು. ಮೇಲೆ ಮೊದಲನೆಯವರು 68 ಅಂತ ಬರೆದಿರ್ತಾರೆ. ಕೂಡುತ್ತಾ ಬಂದರೆ, ಏನೇ ಇರಲಿ, 68ಕ್ಕೇ ಬಂದು ನಿಲ್ಲುತ್ತೆ! ಒಂದು ಸಲ ನನ್ನ ಗೆಳತಿ ಆ ಮೊತ್ತದ ಮೇಲೆ ಸ್ಕೇಲ್ ಇಟ್ಟು ಕೂಡಿದಳು. 78 ಬಂತು. ಹತ್ತು ಅಂಕ! ಅವತ್ತಿಂದ ನಾನೂ ಸ್ಕೇಲ್ ಇಡ್ತೀನಿ.

ಹ್ಯಾಂಗರ್ ತಾತ: ಮೇಡಂ, ಇದನ್ನ ನಾನು ಹುಡುಗರಿಗೆ ಹೇಳಿಕೊಡೋಕೆ ವರ್ಷಗಟ್ಟಲೆ ಒದ್ದಾಡಿದೆ. ಎರಡನೆಯವರು ಬಂದ ತಕ್ಷಣ ಮೊದಲನೆಯವರು ಟಾರ್ಚ್ ಬಿಟ್ಟು "ಇಲ್ಲಿ ನೋಡಿ ಸಾರ್, ಇದಾಯ್ತು, ಅದಾಯ್ತು" ಅಂತ ತೋರಿಸ್ತಾರೆ. ತೋರಿಸಿದ ಕಡೆ ಮಾತ್ರ ಕಣ್ಣು ಹೋಗುತ್ತೆ. ಮ್ಯಾನ್ಯುಯಲ್ ಹಿಡಿದು, ಮೊದಲನೇ ಸಾಲಿನಿಂದ, ಒಬ್ಬರೇ ನೋಡಬೇಕು.

ಎಎಂಇ ಓದ್ತಿರೋಳು: 1996ರ ಏರೋಪೆರು ವಿಮಾನವೂ ಹಾಗೇ. ತೊಳೆಯೋವಾಗ, ಎತ್ತರ ಮತ್ತು ವೇಗ ಅಳೆಯೋಕೆ ಗಾಳಿಯ ಒತ್ತಡ ತಗೊಳ್ಳೋ ತೂತುಗಳಿಗೆ ಟೇಪ್ ಅಂಟಿಸಿದ್ದರು. ತೆಗೀಲೇ ಇಲ್ಲ. ಬೆಳ್ಳಿ ಬಣ್ಣದ ಲೋಹದ ಮೇಲೆ ಬೆಳ್ಳಿ ಬಣ್ಣದ ಟೇಪ್. ತೊಳೆದವರು, ಮೇಲ್ವಿಚಾರಕರು, ಸುತ್ತು ಹಾಕಿದ ಪೈಲಟ್, ಯಾರ ಕಣ್ಣಿಗೂ ಬೀಳಲಿಲ್ಲ. ರಾತ್ರಿ ಸಮುದ್ರದ ಮೇಲೆ ಎತ್ತರ ಎಷ್ಟಿದೆ ಅಂತಲೇ ಗೊತ್ತಾಗದೆ 70 ಜನ ಸತ್ತರು.

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ: ನಾವು ಚಕ್ರದ ನಟ್ಟು ಬಿಗಿದ ಮೇಲೆ ಒಂದೊಂದರ ಮೇಲೂ ಪೇಂಟಿನಲ್ಲಿ ಗೀಟು ಎಳೀತೀವಿ. ಸಡಿಲ ಆದರೆ ಗೀಟು ಮುರಿಯುತ್ತೆ. ಅಷ್ಟು ಸಾಲದಾ?

ಹ್ಯಾಂಗರ್ ತಾತ: ನಾವೂ ಎಳೀತಿದ್ದೆವು. ಅದು ತಿರುಗಿದ್ರೆ ಹೇಳುತ್ತೆ. ನಟ್ಟೇ ತಪ್ಪಾಗಿದ್ರೆ ಹೇಳಲ್ಲ.

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ: ಹೂಂ. ಆದರೂ ನನ್ನ ಹತ್ರ ಇರೋದು ಒಬ್ಬ ಹುಡುಗ. ಯಜಮಾನನ ಕೆಲಸದಲ್ಲಿ ತಪ್ಪಿದೆ ಅಂತ ಅವನು ಬಾಯಿ ಬಿಡ್ತಾನಾ?

ಹ್ಯಾಂಗರ್ ತಾತ: ಅದು ಹ್ಯಾಂಗರಿನಲ್ಲೂ ಇದೆ ಅಣ್ಣ. ಪಯಣಿಗರೇ, ಒಂದು ಕೇಳ್ತೀನಿ. ನಿನ್ನೆ ಆ ಎರಡನೆಯವರು ವಿಮಾನದ ಹತ್ತಿರ ಎಷ್ಟು ಹೊತ್ತು ಇದ್ದರು?

ಕುವೆಂಪುನಗರ ಪಯಣಿಗ: ಗಾಜಿನಿಂದ ನೋಡ್ತಾ ನಿಂತಿದ್ದೆ, ಬೇರೆ ಏನು ಕೆಲಸ. ಅರ್ಧ ಗಂಟೆ ಇರಬಹುದು. ಏಣಿ ಹತ್ತಿ, ಇಳಿದು, ಕೈಯಲ್ಲಿದ್ದ ಕಾಗದ ನೋಡಿ ಮತ್ತೆ ಹತ್ತಿದರು. ನನಗೆ ಮೈಯೆಲ್ಲ ಉರೀತಿತ್ತು.

ಹ್ಯಾಂಗರ್ ತಾತ: ಮೊದಲನೆಯವರು?

ಕುವೆಂಪುನಗರ ಪಯಣಿಗ: ದೂರ ಗಾಡಿ ಹತ್ತಿರ ನಿಂತಿದ್ದರು. ಏಣಿ ಕಡೆ ಬರಲೇ ಇಲ್ಲ.

ಹ್ಯಾಂಗರ್ ತಾತ: ಹಾಗಾದ್ರೆ ಆ ವಿಮಾನದಲ್ಲಿ ನಾನೂ ಹತ್ತುತ್ತಿದ್ದೆ.