ಗಾಜಿನ ಮನೆಯೋ, ಹಸಿರುಮನೆಯೋ, ಗಿಡಮನೆಯೋ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ 'ಕನ್ಸರ್ವೇಟರಿ ಆಫ್ ಫ್ಲವರ್ಸ್' ಇದೆ. ಗಿಡಗಳನ್ನು ಬೆಚ್ಚಗೆ ಬೆಳೆಸಿ ಜನರಿಗೆ ತೋರಿಸುವ ಕಟ್ಟಡ ಅದು. 1879ರಲ್ಲಿ ಜನರಿಗೆ ತೆರೆದದ್ದು. ಮರದ ಚೌಕಟ್ಟು, ಮೈತುಂಬಾ ಗಾಜು. 1995ರ ಬಿರುಗಾಳಿಗೆ ತುಂಬಾ ಹಾಳಾಗಿ, ರಿಪೇರಿ ಮುಗಿದು ಮತ್ತೆ ತೆರೆದದ್ದು 2003ರಲ್ಲಿ. ಮಕ್ಕಳಿಗಾಗಿ ಅದರ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. 'ಕನ್ಸರ್ವೇಟರಿ'ಗೆ ಯಾವ ಪದ ಹಾಕಲಿ?

ಮೊದಲು ನಾಲಿಗೆಗೆ ಬರುವುದು 'ಗಾಜಿನ ಮನೆ'. ಆದರೆ ದಾವಣಗೆರೆಯ ಮಕ್ಕಳಿಗೆ ಗಾಜಿನ ಮನೆ ಅಂದರೆ ಕುಂದುವಾಡ ಕೆರೆ ಹತ್ತಿರದ್ದು. ಸಂಜೆ ಸುತ್ತಾಡುವ, ಫೋಟೋ ತೆಗೆಸಿಕೊಳ್ಳುವ, ಫಲಪುಷ್ಪ ಪ್ರದರ್ಶನ ನೋಡುವ ಜಾಗ. (ಮಾತಿನಲ್ಲಂತೂ ಎಲ್ಲರೂ 'ಗ್ಲಾಸ್ ಹೌಸ್' ಅನ್ನುವುದೇ ಜಾಸ್ತಿ.) 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗಿನದೂ ಹೂವಿನ ಪ್ರದರ್ಶನಕ್ಕೇ ಹೆಸರಾದದ್ದು. ನಮ್ಮ ಬಿಸಿಲಿಗೆ ಗಾಜು ಮುಚ್ಚಿ ಗಿಡ ಬೆಚ್ಚಗಿಡುವ ದರಕಾರವೇ ಇಲ್ಲ, ಅಲ್ವಾ? ಸ್ಯಾನ್ ಫ್ರಾನ್ಸಿಸ್ಕೋದ್ದು ಬೇರೆ ಕಥೆ. ಅಲ್ಲಿ ಮಂಜು, ತಣ್ಣನೆ ಗಾಳಿ. ಬಿಸಿನಾಡಿನ ಗಿಡಗಳು ವರ್ಷವಿಡೀ ಬದುಕುವುದು ಆ ಗಾಜಿನೊಳಗೆ.

'ಹಸಿರುಮನೆ' ಪಠ್ಯಪುಸ್ತಕದಲ್ಲಿದೆ, ನಿಜ. ಆದರೆ ಅದು ಕೇಳಿದ ಕೂಡಲೇ ಮಕ್ಕಳು 'ಹಸಿರುಮನೆ ಅನಿಲ' ಅಂತ ಮುಂದುವರಿಸುತ್ತಾರೆ. ಚಿತ್ರದುರ್ಗದ ಕಡೆ ರೈತರು ಪಾಲಿಹೌಸ್ ಅನ್ನುತ್ತಾರೆ. ಅದು ಬೆಳೆ ತೆಗೆಯುವ ಜಾಗ, ಟಿಕೆಟ್ ತೆಗೆದುಕೊಂಡು ನೋಡಲು ಹೋಗುವಂಥದ್ದಲ್ಲ. 'ಸಸ್ಯಸಂರಕ್ಷಣಾಗಾರ' ದಯವಿಟ್ಟು ಬೇಡ. ಬೋರ್ಡಿನ ಮೇಲೆ ಬರೆಯಬಹುದು, ಬಾಯಲ್ಲಿ ಹೇಳೋಕಾಗಲ್ಲ.

ನನಗೆ ಹಿಡಿಸಿರುವುದು 'ಗಿಡಮನೆ'. ಕಾರಣ ಇದೆ. ಹೆಂಚಿನ ಮನೆ, ಹುಲ್ಲಿನ ಮನೆ, ಗಾಜಿನ ಮನೆ: ಇವೆಲ್ಲ ಯಾವುದರಿಂದ ಕಟ್ಟಿದ್ದು ಅಂತ ಹೇಳುತ್ತವೆ. ಅಡುಗೆಮನೆ, ಆಲೆಮನೆ, ಸೆರೆಮನೆ: ಇವು ಒಳಗೆ ಏನಿದೆ, ಏನು ನಡೆಯುತ್ತದೆ ಅಂತ ಹೇಳುತ್ತವೆ. ಇವುಗಳ ನಡುವೆ '-ಇನ' ಬರುವುದಿಲ್ಲ, ಎರಡು ಪದ ನೇರವಾಗಿ ಅಂಟಿಕೊಂಡಿವೆ. ಕನ್ಸರ್ವೇಟರಿಯಲ್ಲಿ ಮುಖ್ಯ ಗಾಜಲ್ಲ, ಗಿಡ. ಹಾಗಾಗಿ ಗಿಡಮನೆ ಈ ಎರಡನೇ ಸಾಲಿಗೆ ಸೇರುತ್ತದೆ. ಗಾಜನ್ನೂ ಹೇಳಲೇಬೇಕಾದ ಕಡೆ 'ಗಾಜಿನ ಗಿಡಮನೆ' ಅಂದರಾಯಿತು.

ಒಂದೇ ಅನುಮಾನ. ಗಿಡಮನೆ ಅಂದರೆ ಓದುವವರು ಸಸಿ ಮಾರುವ ನರ್ಸರಿ ಅಂದುಕೊಳ್ಳಬಹುದಾ? ನಿಮ್ಮೂರಿನ ಕಡೆ ಈ ಪದ ಆ ಅರ್ಥದಲ್ಲಿ ಬಳಕೆಯಲ್ಲಿದ್ದರೆ ತಿಳಿಸಿ. ಆಗ ಬೇರೆ ಪದ ಹುಡುಕುತ್ತೇನೆ.