ಪದ ಬೇಕು, ಅರ್ಜೆಂಟ್: ಕೋಮಾರ್ಬಿಡಿಟಿ (ಫ್ಲೆಕ್ಸ್‌ಗೆ)

ಎಲ್ರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡ್ಬೇಕು, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ತಾಲೂಕು ಆಸ್ಪತ್ರೆ ಗೇಟಲ್ಲಿ ಕಟ್ಟೋದು. ಮಾನಸಿಕ ಕಾಯಿಲೆಗಳಲ್ಲಿ ಕೋಮಾರ್ಬಿಡಿಟಿ (ಅಂದ್ರೆ ಒಬ್ಬರಿಗೇ ಒಂದಕ್ಕಿಂತ ಹೆಚ್ಚು ಕಾಯಿಲೆ ಒಟ್ಟಿಗೆ ಇರೋದು) ಅನ್ನೋದು ಜನರಲ್ ಪಾಪ್ಯುಲೇಶನ್ನಲ್ಲೂ ಮಾಮೂಲಿ ಅನ್ನೋ ಸಾಲು ಇದೆ, ಅದಕ್ಕೆ ಕನ್ನಡ ಪದ ಬೇಕು. ನಾನು "ಸಹರುಗ್ಣತೆಯು ಜನಸಾಮಾನ್ಯರಲ್ಲಿ ಸಾಮಾನ್ಯ" ಅಂತ ಬರೆದು ನಮ್ಮತ್ತೆಗೆ ಓದಿದೆ, ಧಾರವಾಡ ಕಡೆಯವ್ರು, "ಇದ್ಯಾವ ರುಗ್ಣಾಲಯದ ಹೆಸರವಾ" ಅಂದ್ರು. ಕೋವಿಡ್ ಟೈಮಲ್ಲಿ ಪೇಪರ್‌ನೋರು ದಿನಕ್ಕೊಂದು ಪದ ಹಾಕ್ತಿದ್ರು, ಒಂದೂ ಬಾಯಿಗೆ ಹತ್ತಲಿಲ್ಲ. ಯಾರಾದ್ರೂ ಇವತ್ತೇ ಹೇಳಿ ಪ್ಲೀಸ್.
ವಿ., ಹಾಸನ

>>
ಸಹರುಗ್ಣತೆ ಹಿಂದಿಯೋರ ಪದ, ಎತ್ತಿ ತಂದಿದ್ದೀರಿ, ಬಿಡಿ. ನಮ್ಮಲ್ಲಿ "ಒಡ" ಇದೆ: ಒಡಹುಟ್ಟು, ಒಡನಾಟ. ಒಡಬೇನೆ ಅನ್ನಿ. ಓದೋಕೆ ಸುಲಬ, ಅರ್ತ ಬಿಡಿಸೋದೇ ಬೇಡ, ಸಂಸ್ಕ್ರುತದ ಹಂಗಿಲ್ಲ. ನಾಲ್ಕು ಕಡೆ ಬರೆದ್ರೆ ತಾನೇ ಬಳಕೆಗೆ ಬರುತ್ತೆ.
ಕೆ.

>>
ಬೇನೆ ವೇದನೆಯ ತದ್ಭವ. ಮುಂಬಾಗಿಲು ಹಾಕ್ಕೊಂಡು ಹಿತ್ತಿಲಿಂದ ಸಂಸ್ಕೃತನ್ನೇ ಒಳಗೆ ಕರ್ಕೊಂಡಿದೀರಿ. ಒಡಬೇನೆ ಅಂದ್ರೆ ಕೇಳೋರಿಗೆ ಒಡಲ ಬೇನೆ, ಹೆರಿಗೆ ವಾರ್ಡ್ ಎಲ್ಲಿ ಅಂತ ಕೇಳ್ತಾರೆ. ರುಗ್ಣ ಬಂದಿದ್ದು "ಮುರಿ" ಅನ್ನೋ ಅರ್ಥದ ರುಜ್ ಧಾತುವಿನಿಂದ; ರೋಗ, ರೋಗರುಜಿನದ ರುಜಿನ, ಎಲ್ಲ ಒಂದೇ ಮನೆಯವು. ಸಹರುಗ್ಣತೆ ವ್ಯಾಕರಣಕ್ಕೆ ಸರಿ. ಮುಗೀತು.
ನಿವೃತ್ತ ಮೇಷ್ಟ್ರು

>>
ಮೇಷ್ಟ್ರೇ, ವ್ಯಾಕರಣಕ್ಕೆ ಸರಿ ಇರ್ಬಹುದು, ಗೇಟಲ್ಲಿ ನಿಂತು ಓದೋರಿಗೆ ಏನೂ ಹೇಳಲ್ಲ. ನಾನು ಸೈಕಿಯಾಟ್ರಿ ಓಪಿಡೀಲಿ ಸೋಶಿಯಲ್ ವರ್ಕರ್. ವಿ. ಮೇಡಂ, ನಿಮ್ಮ ಸಾಲಲ್ಲಿ ದೊಡ್ಡ ತಪ್ಪು ಸಹರುಗ್ಣತೆ ಅಲ್ಲ, "ಜನಸಾಮಾನ್ಯರು". ಬಡವರಿಗೆ ಬರುತ್ತೆ ಸಾಹುಕಾರರಿಗೆ ಬರಲ್ಲ ಅನ್ನೋ ಹಾಗೆ ಕೇಳಿಸುತ್ತೆ. ಇಲ್ಲಿ ಹೇಳ್ತಿರೋದು ಆಸ್ಪತ್ರೆಗೆ ಬಂದೋರಷ್ಟೇ ಅಲ್ಲ, ಮನೇಲಿರೋರೂ ಸೇರಿ ಊರಿನ ಎಲ್ರೂ ಅಂತ. ಎರಡು ಕಾಯಿಲೆ ಇರೋನು ಆಸ್ಪತ್ರೆ ಮೆಟ್ಟಿಲು ಹತ್ತೋದು ಜಾಸ್ತಿ, ಯಾಕಂದ್ರೆ ಎರಡರಲ್ಲಿ ಯಾವುದಾದ್ರೂ ಒಂದು ಅವನನ್ನ ಎಳ್ಕೊಂಡ್ ಬರುತ್ತೆ, ಹಾಗಾಗಿ ಬರೀ ಓಪಿಡಿ ಲೆಕ್ಕ ಹಿಡಿದ್ರೆ ಇವೆರಡಕ್ಕೂ ಇಲ್ಲದ ನಂಟು ಇದ್ದಂಗೆ ಕಾಣುತ್ತೆ ಅಂತ ಬರ್ಕ್‌ಸನ್ ಅನ್ನೋ ಅಮೆರಿಕಾದ ಸಂಖ್ಯಾಶಾಸ್ತ್ರಜ್ಞ 1946ರಲ್ಲೇ ತೋರಿಸಿದ್ರು. ಅದಕ್ಕೇ ಮನೆಮನೆಗೆ ಹೋಗಿ ಕೇಳೋ ಸರ್ವೆ ಬೇಕಾಗೋದು. ಅಮೆರಿಕಾದಲ್ಲಿ 1990-92ರಲ್ಲಿ 15ರಿಂದ 54 ವಯಸ್ಸಿನ 8 ಸಾವಿರ ಚಿಲ್ಲರೆ ಜನರನ್ನ ಹಾಗೇ ಕೇಳಿದ್ರು, ಕೆಸ್ಲರ್ ತಂಡ, ಸರ್ವೆ ಹೆಸರಲ್ಲೇ ಕೋಮಾರ್ಬಿಡಿಟಿ ಇದೆ. ಜೀವನದಲ್ಲಿ ಬಂದುಹೋದ ಒಟ್ಟು ಕಾಯಿಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿದ್ದು ಬರೀ ಶೇ. 14 ಜನರಲ್ಲಿ, ಅವರಿಗೆಲ್ಲ ಮೂರೋ ಅದಕ್ಕಿಂತ ಹೆಚ್ಚೋ. ಆದ್ದರಿಂದ ಯಾರಾದ್ರೂ "ಜೋಡಿಕಾಯಿಲೆ" ಅನ್ನೋಕೆ ಮುಂಚೆ ಹೇಳ್ಬಿಡ್ತೀನಿ, ಜೋಡಿ ಅಂದ್ರೆ ಎರಡು, ಆಗಲ್ಲ. ಒಡಹುಟ್ಟಿನ "ಒಡ"ವೂ ಬೇಡ, ಒಂದೇ ಹೊಟ್ಟೇಲಿ ಹುಟ್ಟಿದವು ಅನ್ನೋ ಅರ್ಥ ನುಸುಳುತ್ತೆ. 1970ರಲ್ಲಿ ಫೈನ್‌ಸ್ಟೈನ್ ಅನ್ನೋ ಅಮೆರಿಕಾದ ಡಾಕ್ಟರು ಕೋಮಾರ್ಬಿಡಿಟಿ ಅನ್ನೋ ಪದ ಕಟ್ಟಿದಾಗ ಕಾರಣದ ಮಾತೇ ಇರ್ಲಿಲ್ಲ, ನಾವು ನೋಡ್ತಿರೋ ಕಾಯಿಲೆ ಜೊತೆ ಇನ್ನೇನಿದೆ ಅಂತ ಅಷ್ಟೇ.

ಮೊನ್ನೆ ಒಬ್ಬರು ಕುಡಿತ ಬಿಡಿಸಿ ಅಂತ ಬಂದ್ರು. ಅರ್ಧ ಗಂಟೆ ಆದ್ಮೇಲೆ ಹೆಂಡ್ತಿ ಮೆಲ್ಲಗೆ ಅಂದ್ರು, "ಕುಡಿಯೋಕೆ ಮುಂಚೆನೂ ಇವ್ರು ತುಂಬಿದ ಬಸ್ ಹತ್ತುತಾ ಇರ್ಲಿಲ್ಲ ಸಾರ್, ಎದೆ ಡವಡವ ಅನ್ನುತ್ತೆ ಅಂತ ಎರಡು ಸ್ಟಾಪ್ ಮುಂಚೆನೇ ಇಳ್ಕೊಂಡ್ ನಡ್ಕೊಂಡ್ ಬರೋರು." ಚೀಟೀಲಿ ಬರೆದಿದ್ದು ಕುಡಿತ ಒಂದೇ. ಇದಕ್ಕೆ ಓಪಿಡೀಲಿ ನಾವು ಹೇಳೋದು "ಬಿಪಿ ಜೊತೆ ಶುಗರ್ ಇರಲ್ವಾ, ಹಂಗೆ" ಅಂತ. ಎಲ್ರಿಗೂ ಅರ್ಥ ಆಗುತ್ತೆ. ಒಂದೇ ಪದ ಬೇಕು ಅಂತ ಹಟ ಯಾಕೆ, ಸಾಲು ಬರೀರಿ.
ಸ.

>>
ಸ. ಸರ್, ಬದುಕಿಸಿದ್ರಿ. ಹೀಗೆ ಹಾಕ್ತಿದೀನಿ: "ಬಿಪಿ ಜೊತೆ ಶುಗರ್ ಇರುವಂತೆ, ಒಂದು ಮಾನಸಿಕ ಕಾಯಿಲೆಯ ಜೊತೆ ಇನ್ನೊಂದು, ಮತ್ತೊಂದು ಇರುವುದು ಅಪರೂಪವಲ್ಲ. ಎಲ್ಲವನ್ನೂ ಡಾಕ್ಟರಿಗೆ ಹೇಳಿ." ಜನಸಾಮಾನ್ಯರು ಕಟ್.
ವಿ.

>>
ಕಾಯಿಲೆ ಅರಬ್ಬಿ. ಕಾಹಿಲ್ ಅಂದ್ರೆ ಸೋಮಾರಿ. ಮನಸ್ಸು ಸರಿ ಇಲ್ಲದೋರನ್ನ ಊರೆಲ್ಲ ಮೊದಲೇ ಸೋಮಾರಿ ಅಂತಿದೆ, ನೀವು ಅದನ್ನೇ ಫ್ಲೆಕ್ಸ್ ಮಾಡಿಸಿ.
ಕೆ.

>>
ಹುಟ್ಟು ಕೇಳ್ಕೊಂಡು ಯಾರೂ ಪದ ಬಳಸಲ್ಲ. ಕಾಯಿಲೆ ಅಂದಾಗ ಸೋಮಾರಿ ನೆನಪಾಗೋದು ನಿಮಗೊಬ್ಬರಿಗೇ. ಬಿಪಿ, ಶುಗರ್, ಡಾಕ್ಟರ್ ಮೂರೂ ಇಂಗ್ಲಿಷ್, ಅದಕ್ಕೆ ಚಕಾರ ಇಲ್ಲ, ಸಂಸ್ಕೃತ ಅಂದ್ರೆ ಮಾತ್ರ ಮೈ ಉರಿ.
ನಿ. ಮೇಷ್ಟ್ರು

>>
ಅದಕ್ಕೂ ತಕರಾರಿದೆ, ಬರೀತೀನಿ.
ಕೆ.

>>
ತಕರಾರೂ ಅರಬ್ಬಿಯೇ.
ನಿ. ಮೇಷ್ಟ್ರು

>>
ದಯವಿಟ್ಟು ಬೇರೆ ಸಬ್ಜೆಕ್ಟ್ ಲೈನ್ ಹಾಕ್ಕೊಂಡು ಜಗಳಾಡಿ, ಫ್ಲೆಕ್ಸ್ ಅಂಗಡಿಯೋರ ಮೇಲ್ ಇದರ ಮಧ್ಯ ಕಳೆದುಹೋಗ್ತಿದೆ. ಇನ್ನೊಂದು ಚಿಕ್ಕ ಡೌಟು, ಸ. ಸರ್ ಮಾತ್ರ ಹೇಳಿ: ಓಸಿಡಿಗೆ (ಬೇಡ ಅಂದ್ರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಬರೋ ಕಾಯಿಲೆ) "ಗೀಳು" ಅಂತ ಬರೆದ್ರೆ ಸಾಕಾ, "ಗೀಳು ರೋಗ" ಅನ್ಬೇಕಾ?
ವಿ.